ಪಾಟಿಯ ಮೇಲೆ ಉಳಿದ ಏಳು

"ಏನಾರ ಬರಿ ತಾಯಿ, ನೋಡ್ತೀನಿ!"

ಹೆಣ್ಣು ನೋಡಲು ಬಂದ ಹುಡುಗನ ಅಜ್ಜಿ ಗಯಾಬಾಯಿ ಪಾಟಿ, ಬಳಪವನ್ನು ಪ್ರಣಿತಾಳ ಮುಂದಿಟ್ಟಳು. ಓದು ಬಾರದ ಆ ಮುದುಕಿಗೆ ಒಂದೇ ಹಟ... ಮನೆಗೆ ಬರುವ ಸೊಸೆ ಕಣ್ಣೆದುರಿಗೇ ಬರೆದು ತೋರಿಸಬೇಕು.

ಬಸವಕಲ್ಯಾಣದ ಆ ಚಿಕ್ಕ ಪಡಸಾಲೆಯ ತುಂಬ ಜನ. ಎದುರಿಗೆ ಹುಡುಗ ಕಪಿಲ, ಹುಮನಾಬಾದಿನ ಕಾಲೇಜಿನಲ್ಲಿ ಗಣಿತ ಕಲಿಸುವವನು. ಅವನ ಕಣ್ಣು ತಾಗಿದ್ದೇ ತಡ, ಇವನೇ ಬೇಕು ಅನ್ನಿಸಿಬಿಟ್ಟಿತು. ಆಸೆಯ ಬೆನ್ನಿಗೇ ಭಯವೂ ಬಂದು ಕೂತಿತು. ಅವೆರಡೂ ಬೇರೆ ಬೇರೆ ಬಂದದ್ದುಂಟೇ!

ಅವ್ವ ಮೀರಾಬಾಯಿ ಬೆಳಿಗ್ಗೆಯೇ ಹೇಳಿದ್ದಳು: "ಇದೂ ತಪ್ಪಿತಂದ್ರ ನಿನ್ನ ಎಂ.ಎಸ್ಸಿ ಬಂದ್. ಚಿಟಗುಪ್ಪದ ಸೋದರಮಾವಗ ಕೊಡ್ತೀವಿ, ನೋಡು."

ಹೆಸರು ಬರೆಯಲು ಹೋದ ಕೈ ಹೆದರಿಕೆಯಲ್ಲಿ ರೂಢಿಯದ್ದನ್ನೇ ಬರೆಯಿತು. 73939133. ಪರೀಕ್ಷೆಗೆ ಮುಂಚೆ, ಧೈರ್ಯ ಬೇಕಾದಾಗಲೆಲ್ಲ ಅವಳು ಅಂಗೈಯಲ್ಲಿ ಗೀಚಿಕೊಳ್ಳುವ ಅವಿಭಾಜ್ಯ ಸಂಖ್ಯೆ.

"ಇದೇನ್ ತಂಗಿ, ಫೋನ್ ನಂಬರಾ?" ಯಾರೋ ನಕ್ಕರು.

ಕಪಿಲ ನಗಲಿಲ್ಲ. ಪಾಟಿ ಎಳೆದುಕೊಂಡು, ಕೊನೆಯ ಅಂಕಿಯನ್ನು ಬೆರಳಿಂದ ಒರೆಸಿದ. ತಡೆದು ಮತ್ತೊಂದು ಒರೆಸಿದ. ಮತ್ತೊಂದು... ಕೊನೆಗೆ ಏಳು ಮಾತ್ರ ಉಳಿಯಿತು.

'ನನ್ನನ್ನೇ ಅಳಿಸಿಬಿಟ್ಟ!' ಪ್ರಣಿತಾ ತಲೆ ಎತ್ತದೆ ಒಳಗೆ ಓಡಿದಳು.

ಆಮೇಲೆ ಅವರ ಕಡೆಯಿಂದ ಸುದ್ದಿಯಿಲ್ಲ. ಫೋನ್ ರಿಂಗಾದರೆ ಸಾಕು, ಅವಳು ಬಾಗಿಲ ಮರೆಯಲ್ಲಿ ನಿಂತು ಕಿವಿಗೊಡುತ್ತಿದ್ದಳು. ಒಂದು ಬೆಳಿಗ್ಗೆ ಅವ್ವ ಚಿಟಗುಪ್ಪಕ್ಕೆ ಹೋಗಲು ಹೊಸ ಸೀರೆ ಉಟ್ಟಳು. ಮಾತು ಕೊಟ್ಟು ಬರಲು!

ಅದನ್ನು ನೋಡುತ್ತ ಕೂತ ಪ್ರಣಿತಾಳಿಗೆ ಆಗ ಹೊಳೆಯಿತು. ಬೇಡವೆನ್ನುವವನು ಅಂಗೈಯಿಂದ ಒಂದೇ ಸಲ ಒರೆಸುತ್ತಿದ್ದ. ಅವನೇಕೆ ಬಲಗಡೆಯಿಂದ, ಒಂದೊಂದಾಗಿ, ತಡೆದು ತಡೆದು...? ಆ ಸಂಖ್ಯೆಯ ಗುಣವೇ ಅದಲ್ಲವೇ! ಬಲದಿಂದ ಒಂದೊಂದೇ ಅಂಕಿ ತೆಗೆಯುತ್ತ ಹೋದರೂ ಉಳಿಯುವುದು ಪ್ರತಿ ಸಲ ಅವಿಭಾಜ್ಯವೇ. ಅಂಥವುಗಳಲ್ಲೆಲ್ಲ ಇದೇ ದೊಡ್ಡದು. ಅದು ಅವನಿಗೆ ಗೊತ್ತಿತ್ತು!

"ಅವ್ವಾ, ಸಂಜೀತನಕ ತಡಿ!" ಎಂದವಳೇ ಹುಮನಾಬಾದಿನ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಒಂದೇ ಯೋಚನೆ... 'ಇದೂ ನನ್ನ ಭ್ರಮೆಯೇ ಆಗಿದ್ದರೆ?'

ಕಾಲೇಜಿನ ಗೇಟಿನಲ್ಲಿ ಅವಳನ್ನು ಕಂಡು ಕಪಿಲ ಬೆಚ್ಚಿದ.

"ನೀವು... ಪಾಟಿ ಯಾಕ ಒರೆಸಿದ್ರಿ?" ಅವಳು ನೇರವಾಗಿ ಕೇಳಿಬಿಟ್ಟಳು.

"ನನಗೂ ಅದು ಗೊತ್ತದ ಅಂತ ತೋರ್ಸಾಕ್ರಿ! ನೀವ್ ನೋಡಿದ್ರ ಮಾರಿನೇ ಎತ್ತಲಿಲ್ಲ, ಒಳಗ ಹೋದ್ರಿ. ನಾ ನಿಮಗ ಬ್ಯಾಡ ಅಂತ ತಿಳ್ಕೊಂಡೆ. ಮನ್ಯಾಗೂ ತಡೀರಿ ಅಂದೆ. ನಿಮ್ಮನ್ನ ಕೇಳಾಕ ಧೈರ್ಯ ಬರ್ಲಿಲ್ರಿ..."

ಗಣಿತ ಕಲಿತವರಿಗೆ ಬಾಯಿಲ್ಲವೇ? ಒಂದು ಮಾತು ಆಡಿದ್ದರೆ ಸಾಕಿತ್ತಲ್ಲ!

"ಇವತ್ತು ಅವ್ವ ಚಿಟಗುಪ್ಪದ ಸೋದರಮಾವಗ ಮಾತು ಕೊಡಾಕ ಹೊಂಟಾಳ್ರಿ, ನನ್ನ ಓದೂ ಬಂದ್..." ಅವಳಿಗೆ ಅಳು ತಡೆಯಲಾಗಲಿಲ್ಲ.

ಕಪಿಲ ಅಲ್ಲೇ ನಿಂತು ಅಜ್ಜಿಗೆ ಫೋನ್ ಹಚ್ಚಿದ. "ಆಯಿ, ಮೀರಾಬಾಯಿ ಅವರಿಗೆ ಈಗಿಂದೀಗ ಹೇಳು, ಹುಡುಗಿ ನಮಗ ಪಸಂದ ಅಂತ. ಆಕಿ ಓದೂ ನಿಲ್ಲಂಗಿಲ್ಲ ಅಂತ!"

ಆಮೇಲೆ ಅವಳತ್ತ ತಿರುಗಿದ. "ಈಗಾರ ಹೆದರಿಕಿ ಹೋಯ್ತೇನ್ರಿ?"

"ಇಲ್ರಿ... ಇನ್ನೂ ಜಾಸ್ತಿ ಆಗ್ಯಾದ."

"ಯಾಕ?"

"ಇಷ್ಟು ದಿನ ನೀವು ಸಿಗಂಗಿಲ್ಲ ಅನ್ನೋ ಹೆದರಿಕಿ. ಇನ್ನ ಮ್ಯಾಲ, ಎಲ್ಲಿ ಕಳ್ಕೋತೀನೋ ಅನ್ನೋ ಹೆದರಿಕಿ."

ಅವನು ಅವಳ ಬೆರಳು ಹಿಡಿದುಕೊಂಡ.

"ನನ್ನ ಕೈನೂ ನಡಗಾಕತ್ತದ, ನೋಡ್ರಿ. ಇನ್ನ ಇಬ್ಬರೂ ಕೂಡೇ ಹೆದರೋಣು."