ಏಳನೇ ಒಲೆಯ ಬಲ್ಬು

ಬೆಳಿಗ್ಗೆ ಆರಕ್ಕೆ ಮ್ಯಾನೇಜರ್ ಹೊಗೆಮಾಂಸದ ಕಾರ್ಖಾನೆಯ ಶೆಡ್ಡಿನ ಬೀಗ ತೆಗೆದ. ಆರೂಕಾಲಿಗೆ ಠಾಣೆಯ ಫೋನ್ ಹೊಡೆದುಕೊಂಡಿತು. ಏಳಕ್ಕೆ ಇನ್ಸ್‌ಪೆಕ್ಟರ್ ಒಬ್ಬ ಪೇದೆಯ ಜೊತೆ ಒಳಗೆ ಕಾಲಿಟ್ಟಳು.

ಸಾಲಾಗಿ ಆರು ಉಕ್ಕಿನ ಒಲೆ. ಒಂದೊಂದೂ ಬೀರುವಿನಷ್ಟು ಎತ್ತರ. ಕೆಳಗೆ ಕೆಂಡ, ಮೇಲೆ ಮಾಂಸ, ನಡುವೆ ಹನ್ನೆರಡು ತಾಸಿನ ಹೊಗೆ. ಇಡೀ ರಾತ್ರಿ ಬೆಂದು ಬೆಳಿಗ್ಗೆ ಬೆರಳಿಗೆ ಬಿಡಿಬಿಡಿಯಾಗಿ ಬರಬೇಕಿದ್ದ ಮಾಂಸ ಈಗ ಸತ್ತ ಕೈಯ ಹಾಗೆ ತಣ್ಣಗಿತ್ತು. ಮುನ್ನೂರು ಜನರ ಊಟ. ನಾಯಿಗೂ ಹಾಕುವಂತಿರಲಿಲ್ಲ.

“ಮಲಗಿಬಿಟ್ಟಿದ್ದಾಳೆ ಮೇಡಂ,” ಎಂದ ಮ್ಯಾನೇಜರ್. “ಬೇರೆ ಏನೂ ಇಲ್ಲ. ರಾತ್ರಿ ಪಾಳಿ ಅವಳದು. ದೂರು ಬರೆದಿಟ್ಟಿದ್ದೀನಿ. ಬೇಕಂತಲೇ ಹಾಳು ಮಾಡಿದ್ದಾಳೆ.”

“ಮಲಗಿದ್ಲೋ, ಬೇಕಂತ ಮಾಡಿದ್ಲೋ? ಎರಡರಲ್ಲಿ ಒಂದು ಹೇಳಿ.”

ಮ್ಯಾನೇಜರ್ ಬಾಗಿಲ ಕಡೆ ಬೆರಳು ತೋರಿಸಿದ.

ರಾತ್ರಿ ಪಾಳಿಯವಳು ಅಲ್ಲೇ ನಿಂತಿದ್ದಳು. ಐವತ್ತು ದಾಟಿದ ಹೆಂಗಸು. ಮೊಣಕೈವರೆಗೂ ಸುಟ್ಟ ಕಲೆ. ಇಪ್ಪತ್ತೆರಡು ವರ್ಷ ಇದೇ ಒಲೆಗಳ ಮುಂದೆ ಬೆಂದವಳು. ಎಲ್ಲರೂ ಅವಳನ್ನು ಕೆಂಡಕ್ಕ ಎನ್ನುತ್ತಿದ್ದರು. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು.

“ಇವತ್ತು ಹನ್ನೊಂದಕ್ಕೆ ಕಾರ್ಮಿಕ ಅಧಿಕಾರಿ ಬರ್ತಾರೆ,” ಎಂದಳು ಕೆಂಡಕ್ಕ. ದನಿ ಏರಲಿಲ್ಲ. “ರಾತ್ರಿ ಪಾಳಿಗೆ ಇಬ್ಬರು ಬೇಕು ಅಂತ ಅರ್ಜಿ ಹಾಕಿದ್ವಿ. ಮೊದಲ ಸಹಿ ನಂದು. ಒಲೆ ಇವತ್ತೇ ಆರಬೇಕಿತ್ತು ನೋಡಿ.”

“ಆರಿಸಿದ್ದು ನೀವಾ?”

“ನನ್ನ ಮಕ್ಕಳನ್ನಾದರೂ ಉಪವಾಸ ಕೆಡವೇನು. ಕೆಂಡ ಆರಿಸೋಳಲ್ಲ ನಾನು.”

ಇನ್ಸ್‌ಪೆಕ್ಟರ್ ಅವಳ ಕೈಗಳನ್ನೇ ನೋಡಿದಳು. ನಂಬಬೇಕು ಅನ್ನಿಸಿತು. ನಂಬಿಕೆ ಪಂಚನಾಮೆಯಲ್ಲಿ ಬರೆಯುವಂಥದ್ದಲ್ಲವಲ್ಲ.

* * *

ಯಜಮಾನರು ಬಂದರು. ಕಾರ್ಖಾನೆಯ ಪಕ್ಕದ ಗೋಡೆಗೆ ಅಂಟಿದ ಮನೆ ಅವರದು. ಕೆಳಗೆ ಅವರು, ಮಹಡಿಯಲ್ಲಿ ಅವರ ಹೆಂಡತಿಯ ತಮ್ಮನಾದ ಮ್ಯಾನೇಜರ್. ಮನೆಯಿಂದ ಕಾರ್ಖಾನೆಗೆ ಒಂದು ಸಣ್ಣ ಬಾಗಿಲು. ಯಜಮಾನರದು ಬಿಳಿ ಶರ್ಟು, ಬೆಣ್ಣೆಯಂಥ ಮಾತು.

“ಬೈಬೇಡಪ್ಪ ಅವಳನ್ನ,” ಎಂದು ಭಾವಮೈದನನ್ನು ಗದರಿದರು. “ವಯಸ್ಸಾಯ್ತು, ಕಣ್ಣು ಎಳೆದಿರುತ್ತೆ. ನಮ್ಮ ಮನೆಯವಳೇ ಅಲ್ವೇನು? ಮೇಡಂ, ಜೈಲು ಗೀಲು ಏನೂ ಬೇಡ. ಅರ್ಜಿ ವಾಪಸ್ ತಗೊಂಡು ಮನೆಯಲ್ಲಿ ಆರಾಮಾಗಿರಲಿ.”

ಹಣೆಯಲ್ಲಿ ಬೆವರು. ಜೇಬಿಗೆ ಕೈ ಹಾಕಿದರು, ಬರಿಗೈ ತೆಗೆದು ತೋಳಿನಲ್ಲಿ ಒರೆಸಿಕೊಂಡರು.

ಮಾಂಸ ಕತ್ತರಿಸುವವನು, ಎಲ್ಲರೂ ಕತ್ತಿ ಮಾವ ಎನ್ನುವ ಆಳು, ಪಕ್ಕದಲ್ಲೇ ನಿಂತಿದ್ದ. ಪೇದೆಯ ಕಿವಿಯಲ್ಲಿ ಉಸುರಿದ, ಎಲ್ಲರಿಗೂ ಕೇಳುವಷ್ಟು ಜೋರಾಗಿ: “ಕರ್ಚೀಫು ಇಲ್ದೆ ಯಜಮಾನ್ರು ಬಂದದ್ದು ನಾ ನೋಡಿದ ಹಾಗೆ ಇವತ್ತೇ. ಪಾಪ, ಅಷ್ಟು ದುಃಖ ಆಗಿದೆ.”

ಇನ್ಸ್‌ಪೆಕ್ಟರ್ ನಗಲಿಲ್ಲ. ಒಲೆಗಳ ಕಡೆ ತಿರುಗಿದಳು.

ಪ್ರತಿ ಒಲೆಯ ಪಕ್ಕದಲ್ಲೂ ಅಂಗೈಯಗಲದ ಕಂಟ್ರೋಲರ್. ಕೆಂಡಕ್ಕೆ ಗಾಳಿ ಊದುವ ಪುಟ್ಟ ಫ್ಯಾನಿಗೆ ಅದೇ ಅಪ್ಪಣೆ ಕೊಡುವುದು. ಶಾಖ ಇಳಿದರೆ ಊದು, ಏರಿದರೆ ಸುಮ್ಮನಿರು. ಕರೆಂಟು ಹೋದರೆ ಇರಲಿ ಎಂದು ಪ್ರತಿ ಕಂಟ್ರೋಲರಿಗೂ ಒಂದು ಬ್ಯಾಟರಿ. ಈಗ ಆರೂ ಪರದೆಗಳು ಮಿಣುಕುತ್ತ ಸೊನ್ನೆ ತೋರಿಸುತ್ತಿದ್ದವು.

“ಇದರ ಅರ್ಥ?”

“ಪೂರ್ತಿ ಆರಿ ಮತ್ತೆ ಹೊತ್ತಿಕೊಂಡಿವೆ,” ಎಂದಳು ಕೆಂಡಕ್ಕ. “ಒಂದ್ಸಲ ಆರಿದ್ರೆ ಎಲ್ಲಾ ಮರೆತುಬಿಡ್ತವೆ. ಎಷ್ಟು ಶಾಖ ಬೇಕು ಅಂತ ಮೊದಲಿಂದ ಹೇಳಿಕೊಡಬೇಕು. ಒಂದು ಗಂಟೆಗೆ ಕರೆಂಟು ಹೋಯ್ತು. ಐದಕ್ಕೆ ಬಂತು.”

“ಆಗ ನೀವೆಲ್ಲಿದ್ರಿ?”

“ಗೇಟಲ್ಲಿ. ಕಾವಲುಗಾರನ್ನ ಬಿಡಿಸಿದ್ಮೇಲೆ ಅದೂ ನನ್ನ ತಲೆಗೇ ಬಂತು. ಹತ್ತಕ್ಕೆ ಶೆಡ್ಡಿಗೆ ಬೀಗ. ಮಾಂಸ ಕದೀತೀವಂತೆ. ಅರ್ಧ ಗಂಟೆಗೊಂದು ಸಲ ಗೇಟಿನ ಗಡಿಯಾರಕ್ಕೆ ಚೀಟಿ ಒತ್ತಬೇಕು.”

ಪೇದೆ ಚೀಟಿ ತಂದ. ಹತ್ತರಿಂದ ಆರರವರೆಗೆ ಅರ್ಧರ್ಧ ಗಂಟೆಯ ಗುರುತು. ಒಂದೂ ತಪ್ಪಿರಲಿಲ್ಲ. ಕತ್ತಲಲ್ಲಿದ್ದ ನಾಲ್ಕು ತಾಸಿನಲ್ಲೂ ತಪ್ಪಿರಲಿಲ್ಲ. ಆ ಗಡಿಯಾರ ಕೀಲಿ ಕೊಡುವಂಥದ್ದು.

“ಮಲಗಿದವಳು ಹದಿನೇಳು ಸಲ ಒತ್ತಿದ್ದಾಳೆ,” ಎಂದಳು ಇನ್ಸ್‌ಪೆಕ್ಟರ್. “ಶೆಡ್ಡಿನ ಬೀಗದ ಕೈ ಯಾರ ಹತ್ರ ಇದೆ?”

“ನನ್ನ ಹತ್ರ ಒಂದು,” ಎಂದ ಮ್ಯಾನೇಜರ್. “ಭಾವನ ಹತ್ರ ಒಂದು.”

“ಅಂದರೆ ಇವರು ಎಚ್ಚರ ಇದ್ದರೂ ಒಳಗೆ ಹೋಗೋ ಹಾಗಿರಲಿಲ್ಲ. ಆದರೂ ತಪ್ಪು ಇವರದು.”

ಮ್ಯಾನೇಜರ್ ದೂರಿನ ಹಾಳೆಯನ್ನು ಮಡಚಿ ಜೇಬಿಗಿಟ್ಟ.

* * *

ಬ್ಯಾಟರಿಗಳೇ ತಲೆ ತಿನ್ನುತ್ತಿದ್ದವು. ಇನ್ಸ್‌ಪೆಕ್ಟರ್ ಆರನ್ನೂ ಒತ್ತಿ ನೋಡಿದಳು. ಆರರಲ್ಲೂ ನಾಲ್ಕಕ್ಕೆ ನಾಲ್ಕು ಗೆರೆ, ಹೊಟ್ಟೆ ತುಂಬ. ಕರೆಂಟು ಬಂದು ಇನ್ನೂ ಎರಡೇ ತಾಸು. ನಾಲ್ಕು ತಾಸು ಫ್ಯಾನು ಓಡಿಸಿ ಬರಿದಾದ ಬ್ಯಾಟರಿ ಇಷ್ಟು ಬೇಗ ತುಂಬುವುದಿಲ್ಲ. ವೈರು ಸರಿಯಾಗಿತ್ತು, ಬ್ಯಾಟರಿಯೂ ಸರಿಯಾಗಿತ್ತು. ಹಾಗಿದ್ದೂ ಕೆಲಸ ಮಾಡಿರಲಿಲ್ಲ.

“ರಿಪೇರಿಯವನನ್ನ ಕೇಳಿ,” ಎಂದ ಮ್ಯಾನೇಜರ್. “ರಾತ್ರಿ ಒಂಬತ್ತಕ್ಕೆ ಬಂದಿದ್ದ. ಕಂಟ್ರೋಲರ್ ತಟ್ಟಿ ಕುಟ್ಟಿ ಹೋದ. ಅವನದೇ ಕೈವಾಡ ಇರಬೇಕು.”

ಇನ್ಸ್‌ಪೆಕ್ಟರ್ ಬ್ಯಾಟರಿಯ ಮೇಲೆ ಬೆರಳಾಡಿಸಿದಳು. ಹಳೆ ಹೊಗೆಯ ಅಂಟು ಮಸಿ. ನಡುವೆ ಕಾಸಿನಗಲದ ಒಂದು ಗುಂಡು ಜಾಗ ಮಾತ್ರ ಬೆಳ್ಳಗಿತ್ತು. ಎರಡನೆಯದರ ಮೇಲೂ ಹಾಗೇ. ಆರರ ಮೇಲೂ.

“ಇಲ್ಲಿ ಏನಿತ್ತು?”

ಕೆಂಡಕ್ಕ ಹತ್ತಿರ ಬಂದಳು. ಬೆಳಿಗ್ಗೆಯಿಂದ ಅವಳನ್ನು ಯಾರೂ ಒಲೆಯ ಬಳಿ ಬಿಟ್ಟಿರಲಿಲ್ಲ. ಬಗ್ಗಿ ನೋಡಿದಳು. ಮುಖ ಬಿಳಿಚಿತು.

“ಬಲ್ಬು! ನನ್ನ ಬಲ್ಬು ಯಾರು ಕಿತ್ತರು? ಹತ್ತು ಗಂಟೆಗೆ ಆರೂ ಉರೀತಿದ್ವು ಮೇಡಂ. ನಾನೇ ನೋಡಿ ಆಚೆ ಬಂದೆ.”

ರಿಪೇರಿಯವನು ಗೇಟು ದಾಟಿದ್ದು ಒಂಬತ್ತೂವರೆಗೆ, ಪುಸ್ತಕದಲ್ಲಿತ್ತು. ಹತ್ತರ ನಂತರ ಬೀಗ. ಇನ್ಸ್‌ಪೆಕ್ಟರ್ ಅವನನ್ನು ಮನಸ್ಸಿನಲ್ಲೇ ಬಿಟ್ಟು ಕಳಿಸಿದಳು.

ಗೋಡೆಯ ಮೇಲೆ ಒಂದು ನೋಟೀಸು ಅಂಟಿಸಿತ್ತು. ‘ಬ್ಯಾಟರಿಗೆ ಯಾರೂ ಬಲ್ಬು ಸಿಕ್ಕಿಸಬಾರದು. ಬ್ಯಾಟರಿ ವ್ಯರ್ಥವಾಗುತ್ತದೆ.’ ಕೆಳಗೆ ಮ್ಯಾನೇಜರನ ಸಹಿ.

“ಹೌದು, ನಾನೇ ಅಂಟಿಸಿದ್ದು,” ಎಂದ ಅವನು. ಈಗ ಅವನ ಹಣೆಯೂ ಒದ್ದೆ. “ಆದ್ರೆ ಕಿತ್ತಿಲ್ಲ. ತಾಯಾಣೆ.”

* * *

ಇನ್ಸ್‌ಪೆಕ್ಟರ್ ಶೆಡ್ಡಿನ ನಡುವೆ ನಿಂತು ಮೂಗೆಳೆದಳು. ಆರೂ ಒಲೆ ಬೂದಿ, ತಣ್ಣಗೆ. ಆದರೂ ಬಿಸಿ ಹೊಗೆಯ ವಾಸನೆ. ತಂಗಳಲ್ಲ, ತಾಜಾ. ಬಾಯಲ್ಲಿ ನೀರು ಬಂತು. ನಿನ್ನೆ ಮಧ್ಯಾಹ್ನದ ಮೇಲೆ ತಾನು ಏನೂ ತಿಂದಿಲ್ಲ ಎಂಬುದು ನೆನಪಾಯಿತು.

“ಹೊಗೆ ಎಲ್ಲಿಂದ ಬರ್ತಿದೆ?”

ಕತ್ತಿ ಮಾವ ತಲೆ ತುರಿಸಿಕೊಂಡ. ಕೆಂಡಕ್ಕ ನೆಲ ನೋಡಿದಳು. ಮ್ಯಾನೇಜರ್ ಹಲ್ಲು ಕಡಿದ. “ಆ ದರಿದ್ರ ಡ್ರಮ್ಮು! ಎಸೀರಿ ಅಂತ ದಿನಾ ಬಡ್ಕೋತೀನಿ.”

ಶೆಡ್ಡಿನ ಹಿಂಬಾಗಿಲು ದಾಟಿದರೆ ಹಿತ್ತಲು. ಅದರ ಗೇಟಿಗೂ ಶೆಡ್ಡಿನ ಬೀಗದ ಕೈಯೇ. ತಗಡಿನ ಮಾಡಿನ ಕೆಳಗೆ ಹಳೆಯ ಎಣ್ಣೆ ಡ್ರಮ್ಮು. ಕೆಲಸದವರ ಒಲೆ. ಯಜಮಾನರ ಒಲೆಗೆ ಹೋಗದ ಕತ್ತು, ಎಲುಬು, ಚೂರುಪಾರು ಇಲ್ಲಿ ಬೇಯುತ್ತಿದ್ದವು. ಡ್ರಮ್ಮಿನ ಪಕ್ಕಕ್ಕೆ ರಿಪೇರಿಯವನು ಗುಜರಿಯಿಂದ ಎತ್ತಿಕೊಟ್ಟ, ಗಾಜು ಸೀಳಿದ ಕಂಟ್ರೋಲರ್. ಅದಕ್ಕೊಂದು ಬ್ಯಾಟರಿ. ಬ್ಯಾಟರಿಯ ಮೇಲೆ, ಕಡಲೆಕಾಳಿನಷ್ಟು, ಉರಿಯುತ್ತಿರುವ ಒಂದು ಬಲ್ಬು.

ಸೀಳು ಗಾಜಿನ ಹಿಂದೆ ಅಂಕಿ ಅಲುಗದೆ ನಿಂತಿತ್ತು. ನೂರಾ ಹತ್ತು ಡಿಗ್ರಿ. ನಿನ್ನೆ ಸಂಜೆ ಕೆಂಡಕ್ಕ ಇಟ್ಟಿದ್ದ ಶಾಖ.

ಅದೇ ಕರೆಂಟು ಇಲ್ಲಿಗೂ ಬರುತ್ತಿತ್ತು, ಅದೇ ನಾಲ್ಕು ತಾಸು ಇಲ್ಲೂ ಹೋಗಿತ್ತು. ಲಕ್ಷಣವಾದ ಆರು ಒಲೆ ಸತ್ತು ಗುಜರಿಯ ಏಳನೆಯದು ಬದುಕಿತ್ತು.

“ಈಗ ಹೇಳಿ ಅಕ್ಕ,” ಎಂದಳು ಇನ್ಸ್‌ಪೆಕ್ಟರ್. ಅಕ್ಕ ಎಂದದ್ದು ಅವಳಿಗೇ ಗೊತ್ತಾಗಲಿಲ್ಲ. “ಈ ಬಲ್ಬು ಏನು ಮಾಡುತ್ತೆ?”

ಕೆಂಡಕ್ಕ ಸೆರಗಿನಿಂದ ಬಲ್ಬು ಒರೆಸಿದಳು.

“ಬ್ಯಾಟರಿಗೆ ಒಂದು ಚಾಳಿ ಮೇಡಂ. ಯಾರಾದ್ರೂ ಕೆಲಸ ಹೇಳ್ತಾ ಇರಬೇಕು. ಒಲೆ ಸರಿಯಾಗಿ ಕಾದ್ರೆ ಫ್ಯಾನು ನಿಲ್ಲುತ್ತೆ. ಆಗ ಕಂಟ್ರೋಲರ್ ಒಂದೇ ಉಳಿಯೋದು, ಅದು ಕುಡಿಯೋದು ಹನಿಯಷ್ಟು ಕರೆಂಟು. ಯಾರಿಗೂ ನನ್ನ ಅಗತ್ಯ ಇಲ್ಲ ಅಂದ್ಕೊಂಡು ಬ್ಯಾಟರಿ ತಾನೇ ಬಂದ್ ಆಗುತ್ತೆ. ಹೊಟ್ಟೆ ತುಂಬ ಇದ್ರೂ ಅಷ್ಟೇ. ಹೋದ ವರ್ಷ ಮೂರು ಸಲ ಹೀಗಾಯ್ತು. ಕಂಪನಿಯವರು ಬ್ಯಾಟರಿ ಬದಲಾಯಿಸಿದ್ರು, ಮತ್ತೆ ಅದೇ ಕಥೆ. ಆಗಿನ್ನೂ ಶೆಡ್ಡಿಗೆ ಬೀಗ ಇರಲಿಲ್ಲ, ನಾನು ಎಂಟು ರಾತ್ರಿ ಪಕ್ಕದಲ್ಲೇ ಕೂತು ನೋಡಿದೆ. ಆಮೇಲೆ ಈ ಬಲ್ಬು ಸಿಕ್ಕಿಸಿದೆ. ಒಂದು ಚೂರು ಕೆಲಸ ಯಾವಾಗಲೂ ಇರುತ್ತಲ್ಲ, ಎದ್ದೇ ಇರುತ್ತೆ.”

ಓದು ಬರಹ ಬಲ್ಲ ಕಂಪನಿ ಬ್ಯಾಟರಿ ಬದಲಾಯಿಸಿತ್ತು. ಮೊಣಕೈವರೆಗೂ ಸುಟ್ಟುಕೊಂಡ ಹೆಂಗಸು ಬ್ಯಾಟರಿಯ ಸ್ವಭಾವ ಓದಿದ್ದಳು. ಇನ್ಸ್‌ಪೆಕ್ಟರ್ ತನಗರಿವಿಲ್ಲದೆ ನೆಟ್ಟಗಾದಳು. ಮೇಲಧಿಕಾರಿಗಳಿಗೆ ಹೊಡೆಯುವ ಸಲ್ಯೂಟನ್ನು ಇಂಥವರಿಗೆ ಹೊಡೆಯಬೇಕು ಅನ್ನಿಸಿತು.

“ಇದು ಯಾರ್ಯಾರಿಗೆ ಗೊತ್ತು?”

“ಇವರೆಲ್ಲ ನಾನು ಬೆಳಕಿಗೆ ಅಂತ ಹಾಕಿದ್ದೀನಿ ಅಂದ್ಕೊಂಡವರೇ. ಯಾರು ಕೇಳ್ತಾರೆ? ಒಬ್ಬರಿಗೆ ಮಾತ್ರ ಕೂರಿಸಿ ತೋರಿಸಿದ್ದೆ.” ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. “ಬೆನ್ನು ತಟ್ಟಿದ್ರು. ‘ಭಲೇ ಕಣಮ್ಮ’ ಅಂದಿದ್ರು.”

ಇನ್ಸ್‌ಪೆಕ್ಟರ್ ಫೋನ್ ತೆಗೆದು ವಿದ್ಯುತ್ ಕಚೇರಿಗೆ ಒಂದೇ ಪ್ರಶ್ನೆ ಕೇಳಿದಳು.

* * *

ಹನ್ನೊಂದಕ್ಕೆ ಕಾರ್ಮಿಕ ಅಧಿಕಾರಿ ಬಂದರು. ಎಲ್ಲರೂ ಆಫೀಸು ಕೋಣೆಯಲ್ಲಿ. ಯಜಮಾನರು ಕುರ್ಚಿ ಎಳೆದುಕೊಟ್ಟರು.

“ಅಧಿಕಾರಿಗಳೇ, ಅರ್ಜಿ ಕೊಟ್ಟವಳೇ ಒಲೆ ಆರಿಸಿ ಕೂತಿದ್ದಾಳೆ. ಇಂಥವರ ಮಾತು ಕೇಳಿ ಇನ್ನೊಬ್ಬರನ್ನ ಇಟ್ಕೋಬೇಕಾ? ನೀವೇ ಹೇಳಿ.”

ಇನ್ಸ್‌ಪೆಕ್ಟರ್ ಮೇಜಿನ ಮೇಲೆ ಎರಡು ವಸ್ತು ಇಟ್ಟಳು. ಹಿತ್ತಲಿನ ಬ್ಯಾಟರಿ, ಮತ್ತು ಅದರ ಫ್ಯಾನು ಬಿಚ್ಚಿದ ಸೀಳು ಗಾಜಿನ ಕಂಟ್ರೋಲರ್. ಬಲ್ಬು ಉರಿಯುತ್ತಿತ್ತು.

“ಕಿತ್ತು ನೋಡಿ ಅಕ್ಕ.”

ಕೆಂಡಕ್ಕ ಬಲ್ಬು ತೆಗೆದಳು. ಎಲ್ಲರೂ ಪರದೆಯತ್ತ ಬಗ್ಗಿದರು. ಅರ್ಧ ನಿಮಿಷವಾದ ಮೇಲೆ ಟಿಕ್ ಎಂದಿತು. ಪರದೆ ಕತ್ತಲು. ಬ್ಯಾಟರಿಯಲ್ಲಿ ಮಾತ್ರ ನಾಲ್ಕೂ ಗೆರೆ.

“ರಾತ್ರಿ ನಡೆದದ್ದು ಇದು,” ಎಂದಳು ಇನ್ಸ್‌ಪೆಕ್ಟರ್. “ಹತ್ತರ ನಂತರ ಒಬ್ಬರು ಗೇಟಿಗೆ ಕಾಣದ ಹಾಗೆ ಮನೆಯ ಸಣ್ಣ ಬಾಗಿಲಿಂದ ಬಂದು, ಶೆಡ್ಡಿನ ಬೀಗ ತೆಗೆದು ಆರು ಬಲ್ಬು ಕಿತ್ತರು. ಬೀಗದ ಕೈ ಇದ್ದದ್ದು ಇಬ್ಬರಿಗೆ. ಮೊದಲು ಮ್ಯಾನೇಜರನ್ನ ನೋಡೋಣ.”

ಮ್ಯಾನೇಜರ್ ಕುರ್ಚಿಯ ಅಂಚಿಗೆ ಬಂದ.

“ಬಲ್ಬು ಬ್ಯಾಟರಿ ಕುಡಿದು ಹಾಕುತ್ತೆ ಅಂತ ಇವರು ಗೋಡೆಗೆ ಬರೆದು ಅಂಟಿಸಿದ್ದಾರೆ. ಒಲೆ ಆರಿಸೋ ಮನಸ್ಸಿದ್ದರೆ ಇವರು ಬಲ್ಬು ಬಿಟ್ಟೇ ಹೋಗ್ತಿದ್ರು. ಅದೂ ಅಲ್ಲದೆ ಆ ಡ್ರಮ್ಮಿನ ಮೇಲೆ ಇವರಿಗೆ ದಿನಾ ಜಗಳ. ಕೀಳೋದಾದರೆ ಅದರ ಬಲ್ಬೇ ಮೊದಲು.”

“ಹೌದು ಮೇಡಂ, ಅದೇ ಮೊದಲು!” ಎಂದ ಮ್ಯಾನೇಜರ್. ಕತ್ತಿ ಮಾವ ಕೆಮ್ಮಿ ನಗು ಮುಚ್ಚಿಕೊಂಡ.

“ಇದನ್ನ ಮಾಡಿದವರಿಗೆ ಬಲ್ಬಿನ ಗುಟ್ಟು ಗೊತ್ತಿರಬೇಕು. ಒಂದು ಗಂಟೆಗೆ ಕರೆಂಟು ಹೋಗುತ್ತೆ ಅನ್ನೋದೂ ಗೊತ್ತಿರಬೇಕು. ಲೈನು ಕೆಲಸ ಇದೆ ಅಂತ ವಿದ್ಯುತ್ ಕಚೇರಿ ನಿನ್ನೆ ಮಧ್ಯಾಹ್ನವೇ ತಿಳಿಸಿತ್ತು. ಇಲ್ಲಿನ ಮೀಟರು ಯಾರ ಹೆಸರಲ್ಲಿದೆಯೋ ಅವರ ಫೋನಿಗೆ ಮಾತ್ರ. ಅವರು ಅದನ್ನ ಯಾರಿಗೂ ಹೇಳಲಿಲ್ಲ. ಇನ್ನೂ ಒಂದಿದೆ. ಅವರಿಗೆ ಏಳನೇ ಒಲೆ ಇದೆ ಅನ್ನೋದೇ ಗೊತ್ತಿರಲಿಲ್ಲ. ಕೆಲಸದವರು ಏನು ತಿಂತಾರೆ, ಎಲ್ಲಿ ಬೇಯಿಸ್ಕೋತಾರೆ ಅಂತ ಹಿಂದಕ್ಕೆ ಹೋಗಿ ನೋಡಿದವರಲ್ಲ ಅವರು. ಯಜಮಾನರೇ, ನಿಮ್ಮ ಕರ್ಚೀಫು ಎಲ್ಲಿ?”

ಯಜಮಾನರ ಕೈ ಮತ್ತೆ ಜೇಬಿಗೆ ಹೋಯಿತು. ಅಲ್ಲೇ ನಿಂತಿತು.

“ಆ ಮಸಿ ಮುಟ್ಟಿದರೆ ಕೈ ಕಪ್ಪಾಗುತ್ತೆ,” ಎಂದಳು ಇನ್ಸ್‌ಪೆಕ್ಟರ್, ಮಸಿಯಾದ ತನ್ನ ಬೆರಳು ತೋರಿಸಿ. “ನೀವು ಒರೆಸಿಕೊಂಡಿರುತ್ತೀರಿ. ಗೇಟಲ್ಲಿ ಇವರು, ಮನೆಯಲ್ಲಿ ಭಾವಮೈದ. ಬಚ್ಚಿಡೋಕೆ ಉಳಿದದ್ದು ನಿಮ್ಮ ಕಾರು. ಅದರ ಕೀ ಕೊಡಿ.”

ಪೇದೆ ಹೋಗಿ ಬಂದ. ಸ್ಟೆಪ್ನಿ ಟೈರಿನ ಕೆಳಗೆ ಸಿಕ್ಕಿದ ಗಂಟನ್ನು ಮೇಜಿನ ಮೇಲೆ ಬಿಚ್ಚಿದ. ಒಂದು ಕಾಲದಲ್ಲಿ ಬಿಳಿಯಾಗಿದ್ದ ಕರ್ಚೀಫು. ಒಳಗೆ ಆರು ಬಲ್ಬು.

“ನಮ್ಮ ಮಾಲು ನಾವು ಹಾಳು ಮಾಡ್ಕೋತೀವೇನ್ರೀ?” ಯಜಮಾನರ ದನಿಯಲ್ಲಿದ್ದ ಬೆಣ್ಣೆ ಕರಗಿ ಹೋಗಿತ್ತು. “ಮುನ್ನೂರು ಜನರ ಊಟ!”

“ಒಂದು ರಾತ್ರಿಯ ಮಾಂಸ ಕೊಟ್ಟು ಎಲ್ಲರ ಬಾಯಿ ಮುಚ್ಚಿಸೋ ಲೆಕ್ಕ. ಅರ್ಜಿಯ ಮೊದಲ ಸಹಿಗೆ ಮಸಿ ಬಳಿದರೆ ಉಳಿದ ಸಹಿಗಳು ತಾವೇ ಅಳಿಸಿಹೋಗ್ತವೆ. ಬಯ್ಯೋ ಕೆಲಸಕ್ಕೆ ಭಾವಮೈದ. ಕ್ಷಮಿಸೋ ಕೆಲಸಕ್ಕೆ ನೀವು.”

ಕೆಂಡಕ್ಕ ಎದ್ದು ಅವರ ಮುಂದೆ ನಿಂತಳು.

“ತೋರಿಸಿಕೊಟ್ಟಿದ್ದು ನಾನೇ ಅಲ್ವಾ ಯಜಮಾನ್ರೇ,” ಎಂದಳು. “ನೀವು ಬೆನ್ನು ತಟ್ಟಿದ ದಿನ ಮನೆಗೆ ಹೋಗಿ ಮಕ್ಕಳಿಗೆಲ್ಲ ಹೇಳಿದ್ದೆ.”

ಅವರು ಕಣ್ಣು ಕೆಳಗೆ ಹಾಕಿದರು. ಅದಕ್ಕಿಂತ ಸ್ಪಷ್ಟವಾದ ಹೇಳಿಕೆಯನ್ನು ಇನ್ಸ್‌ಪೆಕ್ಟರ್ ತನ್ನ ನೌಕರಿಯಲ್ಲಿ ಬರೆದುಕೊಂಡಿರಲಿಲ್ಲ.

* * *

ಯಜಮಾನರನ್ನು ಠಾಣೆಗೆ ಒಯ್ಯಲು ಜೀಪನ್ನು ಹಿತ್ತಲ ಗೇಟಿಗೆ ತರಿಸಿದ್ದರು. ಹಾಗಾಗಿ ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಯಜಮಾನರು ಶೆಡ್ಡಿನ ಹಿಂದಕ್ಕೆ ಬಂದರು. ಡ್ರಮ್ಮನ್ನು ನೋಡಿದರು. ಮುಚ್ಚಳದ ಸಂದಿಯಿಂದ ಇನ್ನೂ ತೆಳುವಾಗಿ ಹೊಗೆ ಏಳುತ್ತಿತ್ತು.

ಕತ್ತಿ ಮಾವ ಮುಚ್ಚಳ ಎತ್ತಿದ. ಕತ್ತಿನ ಮಾಂಸ ಇಕ್ಕಳ ತಾಗಿದ್ದೇ ಎಲುಬಿನಿಂದ ಜಾರಿತು. ಕಾರ್ಮಿಕ ಅಧಿಕಾರಿ ಒಂದು ಚೂರು ಬಾಯಿಗಿಟ್ಟು, ಆದೇಶ ಬರೆಯಲು ತೆಗೆದ ಪೆನ್ನು ಹಿಡಿದೇ ನಿಂತುಬಿಟ್ಟರು. ಇನ್ಸ್‌ಪೆಕ್ಟರಿಗೆ ತಟ್ಟೆ ಬರುವವರೆಗೂ ತಾಳ್ಮೆ ಇರಲಿಲ್ಲ.

“ಬರೀರಿ ಸಾರ್, ಬರೀರಿ,” ಎಂದ ಕತ್ತಿ ಮಾವ. “ಬರೆದ ಮೇಲೆ ಇನ್ನೊಂದು ಚೂರು.”

ಅಧಿಕಾರಿ ಬರೆದರು. ರಾತ್ರಿ ಪಾಳಿಗೆ ಇಬ್ಬರು. ಶೆಡ್ಡಿನ ಬೀಗದ ಕೈ ಪಾಳಿಯವರ ಬಳಿ.

ಶೆಡ್ಡಿನೊಳಗೆ ಕೆಂಡಕ್ಕ ಒಬ್ಬಳೇ ಇದ್ದಳು. ಪಂಚನಾಮೆ ಮುಗಿಯುವವರೆಗೂ ಕರ್ಚೀಫಿನಲ್ಲಿ ಸಿಕ್ಕ ಬಲ್ಬು ಮುಟ್ಟುವ ಹಾಗಿಲ್ಲವೆಂದು ಪೇದೆ ಹೇಳಿದ್ದ. ಅವಳು ತನ್ನ ಪೆಟ್ಟಿಗೆಯಿಂದ ಆರು ಹೊಸ ಬಲ್ಬು ತೆಗೆದು, ಒಂದೊಂದನ್ನೂ ಒರೆಸಿ ಅದರದರ ಬೆಳ್ಳನೆಯ ಗುಂಡು ಜಾಗದಲ್ಲಿ ಕೂರಿಸುತ್ತಿದ್ದಳು. ಇವತ್ತೂ ಒಲೆ ಹಚ್ಚಬೇಕಿತ್ತು.

ಮ್ಯಾನೇಜರ್ ಮೆಲ್ಲಗೆ ಬಂದ. ಗೋಡೆಯ ನೋಟೀಸನ್ನು ಕಿತ್ತು ಮುದುಡಿ ಜೇಬಿಗೆ ಹಾಕಿಕೊಂಡ.

“ಅಕ್ಕ,” ಎಂದ. ಆ ಶಬ್ದ ಅವನ ಬಾಯಲ್ಲಿ ಹೊಸ ಚಪ್ಪಲಿಯ ಹಾಗೆ ಕಚ್ಚುತ್ತಿತ್ತು. “ಅದು ಹೇಗೆ ಅಂತ ನನಗೂ ಸ್ವಲ್ಪ ತೋರಿಸ್ಕೊಡ್ತೀರಾ?”

ಕೆಂಡಕ್ಕ ಆರನೇ ಬಲ್ಬು ಸಿಕ್ಕಿಸಿದಳು. ಅದು ಹೊತ್ತಿಕೊಂಡಿತು.

“ಎರಡನೇ ಆಳು ಬರಲಿ,” ಎಂದಳು. “ಇಬ್ಬರಿಗೂ ಒಟ್ಟಿಗೇ ಕಲಿಸ್ತೀನಿ.”