ಎಡಗಡೆಯ ಪಟ್ಟಿ

"ನಮ್ಮ ಕುರಿ ಎಲ್ಲಿ ಹೋದ್ವು ಬೇ?"

ಯಂಕಮ್ಮ ಕಂಪ್ಯೂಟರ್ ಪರದೆಗೆ ಮೂಗು ತಾಗುವಷ್ಟು ಬಗ್ಗಿದಳು. ಆದೆಮ್ಮ ಮೌಸ್ ಬಿಟ್ಟು ಹಣೆ ಒತ್ತಿಕೊಂಡಳು.

ಜವಳಗೇರಾದ ಈ ಗೆಳತಿಯರು ರಜೆಯಲ್ಲಿ ಸಿಂಧನೂರಿನ ಕಂಪ್ಯೂಟರ್ ಕ್ಲಾಸಿಗೆ ಬರುತ್ತಿದ್ದರು. ತಮ್ಮೂರಿನ ಬಗ್ಗೆ ಹತ್ತು ವೆಬ್ ಪುಟ ಮಾಡಿದ್ದರು. ಕಾಲುವೆ, ಸಂತೆ, ಶಾಲೆ, ಹೀಗೆ. ಪ್ರತಿ ಪುಟದ ಎಡಗಡೆಗೂ ಎಲ್ಲ ಪುಟಗಳ ಹೆಸರಿನ ಪಟ್ಟಿ. ಹೆಸರು ಒತ್ತಿದರೆ ಆ ಪುಟ ತೆರೆಯುತ್ತಿತ್ತು.

ಕೊನೆಗೆ ಸೇರಿದ್ದು ಯಂಕಮ್ಮನ ಕುರಿಯ ಪುಟ. ಮೊದಲ ಪುಟದ ಪಟ್ಟಿಯಲ್ಲಿ ಅದಿತ್ತು. ಕಾಲುವೆಯ ಪುಟದ ಪಟ್ಟಿಯಲ್ಲಿ ಇರಲಿಲ್ಲ.

"ಮೊನ್ನೆ ಸಂತಿ ಬಿಟ್ಟಿದ್ದಿ, ನಿನ್ನೆ ಸಾಲಿ ಬಿಟ್ಟಿದ್ದಿ, ಇವತ್ತು ನಮ್ಮ ಕುರಿ. ನಾಳೆ ನನ್ನೂ ಬಿಟ್ಟು ಬಸ್ ಹತ್ತತಿ ನೀ!"

"ಹತ್ತು ಕಡೆ ಬರೀಬೇಕಲ್ಲ ಬೇ. ಒಂದರಾಗರ ತಪ್ಪತೈತಿ."

ಕಲಿಸುವ ಕರಿಬಸಯ್ಯ ಸರ್ ಗಡಿಯಾರ ನೋಡಿದರು. "ಕರೆಂಟ್ ಹೋಗೋ ಹೊತ್ತಾತು. ಮೊದಲ್ನೇ ಪುಟದಾಗ ಐತಲ್ಲ, ಸಾಕು ಬಿಡ್ರಿ."

"ಇಲ್ರೀ ಸರ," ಎಂದಳು ಆದೆಮ್ಮ. "ನಾಡಿದ್ದು ಲಿಂಗಸುಗೂರಾಗ ಈ ಪುಟ ತೋರ್ಸೂ ಪ್ರದರ್ಶನಕ್ಕ ಇಕಿ ಅಪ್ಪಾರು ಬರ್ತಾರ. ಕುರಿ ಹಟ್ಟಿ ಅಲ್ಲೇ ಹಾಕ್ಯಾರ. ಅವರು ಯಾವ ಪುಟ ತಗದ್ರೂ ಕುರಿ ಕಾಣಬೇಕ್ರೀ."

ಅಷ್ಟರಲ್ಲಿ ಕರೆಂಟ್ ಹೋಯಿತು.

ಊರಿನ ಬಸ್ಸಿನಲ್ಲಿ ಇಬ್ಬರಿಗೂ ಕಿಟಕಿ ಬದಿಯ ಸೀಟು ಸಿಕ್ಕಿತು. ಕಿಟಕಿಯ ಮೇಲೆ 'ತಲೆ, ಕೈ ಹೊರಗೆ ಚಾಚಬೇಡಿ' ಎಂಬ ಕೆಂಪು ಅಕ್ಷರ. ಅದರ ಕೆಳಗೆ ಕಾಲುವೆ ಬಂದು ಹೋಯಿತು. ಭತ್ತದ ಗದ್ದೆ ಬಂತು, ಟ್ರ್ಯಾಕ್ಟರ್ ಬಂತು, ಹೋದವು. ಅಕ್ಷರ ಮಾತ್ರ ಅಲ್ಲೇ ಇತ್ತು.

"ಯಂಕಿ, ಇದನ್ನ ಒಂದೇ ಸಲ ಬರದಾರ ನೋಡು."

"ಮತ್ತೇನು, ಊರು ಬಂದಾಗೊಮ್ಮೆ ಬರೀತಾರೇನು?"

ಆದೆಮ್ಮ ದಾರಿಯುದ್ದಕ್ಕೂ ಆ ಕೆಂಪು ಅಕ್ಷರವನ್ನೇ ನೋಡುತ್ತ ಕೂತಳು.

ಮರುದಿನ ಕ್ಲಾಸಿನ ಬಾಗಿಲಲ್ಲೇ ಕೇಳಿದಳು. "ಸರ, ಪಟ್ಟಿ ಒಂದು ಕಡೆ ನಿಂತು, ಬಾಜೂಕ ಪುಟ ಅಷ್ಟೇ ಬದಲಾಗಂಗ ಮಾಡಾಕ ಬರತೈತೇನ್ರೀ? ಬಸ್ಸಿನ ಕಿಟಕಿ ಹಂಗ?"

ಸರ್ ದಪ್ಪ ಪುಸ್ತಕ ತಿರುವಿದರು. ಬಹಳ ಹೊತ್ತಿನ ಮೇಲೆ ಒಂದು ಪುಟದ ಮೇಲೆ ಬೆರಳಿಟ್ಟರು. "ಬರತೈತಿ. ಇದಕ್ಕ ಫ್ರೇಮ್ ಅಂತಾರ. ನಾನೂ ಮಾಡಿಲ್ಲ. ಬರ್ರಿ, ನೋಡೂಣು."

ಹತ್ತೂ ಪುಟದ ಹಳೆಯ ಪಟ್ಟಿ ಅಳಿಸಿ, ಬೇರೆಯಾಗಿ ಒಂದೇ ಪಟ್ಟಿ ಬರೆದರು. ಮೊದಲ ಸಲ ಒತ್ತಿದಾಗ ಪಟ್ಟಿಯ ಇಕ್ಕಟ್ಟು ಜಾಗದಲ್ಲೇ ಕಾಲುವೆಯ ಪುಟ ತೆರೆಯಿತು.

"ಕಾಲುವಿ ಸಂದ್ಯಾಗ ಸಿಕ್ಕೊಂಡೈತಿ!" ಯಂಕಮ್ಮ ನಕ್ಕಳು.

ಆದೆಮ್ಮ ನಗಲಿಲ್ಲ. ಪುಸ್ತಕ ನೋಡಿದಳು, ತಿದ್ದಿದಳು, ಒತ್ತಿದಳು. ನಾಲ್ಕನೇ ಸಲಕ್ಕೆ ಕಾಲುವೆ ಬಲಗಡೆ ಬಂತು. ಎಡಗಡೆ ಪಟ್ಟಿ ಅಲುಗಲಿಲ್ಲ.

ಲಿಂಗಸುಗೂರಿನಲ್ಲಿ ಯಂಕಮ್ಮನ ಅಪ್ಪ ಅಂಬಪ್ಪ ಹೆಗಲ ಕಂಬಳಿ ಸರಿಸಿಕೊಂಡು ಮೌಸ್ ಹಿಡಿದ. ಕಾಲುವೆ ತೆರೆದ, ಸಂತೆ ತೆರೆದ, ಶಾಲೆ ತೆರೆದ.

"ಎಲ್ಲಿ ಹೋದ್ರೂ ನಮ್ಮ ಕುರಿ ಬೆನ್ನು ಬಿಡವಲ್ಲವು!" ಎಂದು ಜೋರಾಗಿ ನಕ್ಕ. ಆಮೇಲೆ ಪಟ್ಟಿಯ ಮೇಲೆ ಬೆರಳಾಡಿಸಿ ಕೇಳಿದ. "ಆದೆವ್ವ, ನಮ್ಮೂರ ದಸ್ತಗೀರ್‌ಸಾಬನ ಸೈಕಲ್ ಅಂಗಡಿ ಇದರಾಗ ಎಲ್ಲೈತಿ?"

ಯಂಕಮ್ಮ ನಾಲಿಗೆ ಕಚ್ಚಿಕೊಂಡು ಗೆಳತಿಯ ಮುಖ ನೋಡಿದಳು.

ಮೊನ್ನೆಯಾಗಿದ್ದರೆ ಆದೆಮ್ಮನಿಗೆ ಅಳುವೇ ಬರುತ್ತಿತ್ತು. ಈಗ ಅವಳು ಪಟ್ಟಿಯ ತುದಿಯಲ್ಲಿ ಉಳಿದಿದ್ದ ಖಾಲಿ ಜಾಗ ನೋಡಿದಳು. ಕೀಬೋರ್ಡ್ ಹತ್ತಿರ ಎಳೆದುಕೊಂಡಳು.

"ಇಲ್ಲೇ ಕುಂದ್ರು ಕಾಕಾ," ಎಂದಳು. "ಒಂದು ಪುಟ, ಪಟ್ಟ್ಯಾಗ ಒಂದೇ ಸಾಲು."