ತೊಂಬತ್ತೊಂದನೆಯ ಚೌಕ

ಪ್ರೆಸ್ಸಿನವನು ಅಷ್ಟೊಂದು ಶ್ರದ್ಧೆಯಿಂದ ಯಾವ ಕೆಲಸವನ್ನೂ ಕೆಡಿಸಿರಲಿಲ್ಲ.

ಲೆಕ್ಕದ ಟೀಚರ್ ಮುದ್ರಿಸಲು ಕೊಟ್ಟ ಚಿತ್ರದಲ್ಲಿ ಸಾವಿರ ಪುಟ್ಟ ಚೌಕಗಳು, ಕೇಸರಿಯಿಂದ ಕಡುಗೆಂಪಿನವರೆಗೆ. ನಡುನಡುವೆ ಬಿಳಿ. ಇಂಕ್ ಬಿಟ್ಟುಹೋಗಿದೆ ಎಂದು ಮೆಷಿನ್ನಿಗೆ ಬೈದ. ಸಣ್ಣ ಬ್ರಷ್ ಹಿಡಿದು ಎರಡು ದಿನ ಕೂತು, ಬಿಳಿಯನ್ನೆಲ್ಲ ಪಕ್ಕದ ಬಣ್ಣದಿಂದ ತುಂಬಿದ. ಅವಳ ಮುಖ ಅರಳುವುದನ್ನು ನೆನೆದು ಒಬ್ಬನೇ ನಕ್ಕ.

ಶಾಲೆಯ ಪ್ರದರ್ಶನದ ದಿನ ಅವಳು ಕ್ಲಾಸಿನ ಮಕ್ಕಳೊಡನೆ ಪ್ರೆಸ್ಸಿಗೆ ಬಂದು ನೋಡಿದಳು. ಮುಖ ಬಾಡಿತು. ಒಂದೊಂದು ಚೌಕವೂ ಒಂದು ಸಂಖ್ಯೆ, ಹೆಚ್ಚು ಸಂಖ್ಯೆಗಳು ಭಾಗಿಸಿದಷ್ಟೂ ಕೆಂಪು, ಯಾವುದಕ್ಕೂ ಒಡೆಯದ ಅವಿಭಾಜ್ಯಗಳು ಬಿಳಿ ಎಂದು ಮೆಲ್ಲಗೆ ವಿವರಿಸಿದಳು.

"ನಾನು ತೋರಿಸಬೇಕು ಅಂದ್ಕೊಂಡಿದ್ದೇ ಆ ಬಿಳೀನ."

ತಪ್ಪಾಯಿತು ಅನ್ನಬೇಕಿತ್ತು. ಅವನ ನಾಲಿಗೆ ಬೇರೆಯೇ ಅಂದಿತು.

"ಬಿಳಿ ಬೇಕಿದ್ರೆ ಖಾಲಿ ಹಾಳೆ ತಗೊಂಡು ಹೋಗ್ಬೇಕಿತ್ತು. ನನ್ನ ಹತ್ರ ಯಾಕೆ ಬಂದ್ರಿ?"

ಮಕ್ಕಳು ನೆಲ ನೋಡಿದರು. ಅವಳು ಚಿತ್ರವಿದ್ದ ಪೆನ್‌ಡ್ರೈವ್ ಎತ್ತಿಕೊಂಡು ಹೊರಟುಹೋದಳು.

ಊಟಕ್ಕೆ ಕೂತಾಗ ಅಕ್ಕನಿಗೆ ಹೇಳಿದ. ಅಕ್ಕ ಅವನನ್ನು ಸುಮ್ಮನೆ ಬಿಡಲಿಲ್ಲ. "ಒಂಟಿ ಉಳಿದಿದ್ದಕ್ಕೆ ಊರನ್ನೆಲ್ಲ ಬೈತೀಯ. ತಪ್ಪು ನಿನ್ನ ಹಲ್ಲಿನ ಹಿಂದೇನೇ ಇದೆ ಕಣೋ."

ಅವನು ಅರ್ಧ ಊಟಕ್ಕೇ ಕೈ ತೊಳೆದು ಎದ್ದ.

ಮರುದಿನದಿಂದ ರದ್ದಿ ಹಾಳೆಗಳ ಮೇಲೆ ಭಾಗಾಕಾರ ಶುರುಮಾಡಿದ. ಶಾಲೆಯಲ್ಲಿ ಮಗ್ಗಿಗೆ ಹೆದರಿ ಕಿಟಕಿ ಹಾರಿದ್ದವನು ಒಂದರಿಂದ ಸಾವಿರದವರೆಗೆ ಒಂದೊಂದನ್ನೇ ಒಡೆದು ನೋಡಿದ. ಬಣ್ಣದ ಕಾಗದ ಕತ್ತರಿಸಿ ಅಂಟಿಸಿದ. ಮೂರು ವಾರ ಹಿಡಿಯಿತು.

ಒಂದು ಸಂಜೆ ಶಾಲೆ ಬಿಟ್ಟ ಮೇಲೆ ಖಾಲಿ ಕ್ಲಾಸಿನಲ್ಲಿ ಹಾಳೆ ಹಾಸಿ, ಟೀಚರ್ ಮುಂದೆ ತಲೆ ತಗ್ಗಿಸಿ ನಿಂತ.

"ಅವತ್ತು ಅಂದದ್ದು ನೆನಪಾದ್ರೆ ನಾಚಿಕೆ ಆಗುತ್ತೆ. ತಪ್ಪಾಯ್ತು. ಮಕ್ಕಳ ಮುಂದೇನೂ ಹೇಳ್ತೀನಿ."

ಅವಳ ಬೆರಳು ಸಾಲುಸಾಲಾಗಿ ಓಡಿ, ಒಂದು ಕಡೆ ನಿಂತಿತು. "ತೊಂಬತ್ತೊಂದು ಯಾಕೆ ಬಿಳಿ?"

"ಎರಡು, ಮೂರು, ಐದು, ಎಲ್ಲ ಹಾಕಿ ನೋಡಿದೆ. ಒಡೀಲಿಲ್ಲ."

"ಏಳು ಹದಿಮೂರ್ಲೆ?"

ಅವನ ಕಿವಿ ಕಡುಗೆಂಪಾಯಿತು. ಈ ಸಲವೂ ಕೆಡಿಸಿದೆನಲ್ಲ ಎಂದು ಹಾಳೆ ಸುತ್ತಲು ಹೋದ. ಅವಳು ಅಂಗೈಯಿಂದ ಒತ್ತಿ ಹಿಡಿದಳು.

"ಇದು ಎಲ್ರಿಗೂ ಮೋಸ ಮಾಡುತ್ತೆ," ಅಂದಳು, ಅವನನ್ನೇ ನೋಡುತ್ತ. "ಒಂಟಿ ತರಾನೇ ಕಾಣುತ್ತೆ. ಏಳು ಬಂದು ಕೇಳೋವರೆಗೆ."

ಅವನು ಜೇಬಿನಿಂದ ಕೇಸರಿ ಕಾಗದದ ಚೂರು ತೆಗೆದುಕೊಟ್ಟ. ಆ ಬಿಳಿಯನ್ನು ಅವಳೇ ಮುಚ್ಚಿದಳು. ಗೋಂದು ಒಣಗಲಿ ಎಂದು ಇಬ್ಬರೂ ಬೆರಳೊತ್ತಿ ನಿಂತರು. ಒಣಗಿದ ಮೇಲೂ ಯಾರೂ ತೆಗೆಯಲಿಲ್ಲ.